ಬಟ್ಟೋ, ಮ್ಯಾಗಜಿನ್ನೋ: ಹಳೆಯ ರೈಫಲ್ಲೊಂದರ ಮುಂದೆ ನಡೆದ ವಾದ

ಒಂದೇ ಅಳತೆಯ ಚಪ್ಪಲಿಯನ್ನು ಊರಿಗೆಲ್ಲ ಹಂಚಿ, ಅದನ್ನು ಮೆಟ್ಟಿ ಕುಂಟಿದವರನ್ನು ‘ಇವರಿಗೆ ನಡೆಯಲು ಬಾರದು’ ಎಂದು ತೀರ್ಪು ಕೊಟ್ಟರೆ, ಓದುಗರೇ, ಆ ತೀರ್ಪನ್ನು ನೀವು ಒಪ್ಪುವಿರಾ?

ಒಪ್ಪುವುದಿಲ್ಲವೆಂದು ಬಲ್ಲೆ. ಆದರೂ ನಾನು ಸೇವೆಯಲ್ಲಿದ್ದ ಕಾಲದಲ್ಲಿ ಇಂಥದೇ ತೀರ್ಪು ಬಂದೂಕಿನ ವಿಷಯದಲ್ಲಿ ಬಹಳ ವರ್ಷ ನಡೆದುಬಂತು. ಅದನ್ನು ಕೊಟ್ಟವರು ಕೆಟ್ಟವರಾಗಿರಲಿಲ್ಲ. ಆ ಕಾರಣಕ್ಕೇ ಅದನ್ನು ಎದುರಿಸುವುದು ಕಷ್ಟವಾಗಿತ್ತು. ಪೊಲೀಸ್ ಸಶಸ್ತ್ರ ಪಡೆಯಲ್ಲಿ ಶಸ್ತ್ರ ತರಬೇತುದಾರನಾಗಿ ದುಡಿದು ನಿವೃತ್ತನಾದ ನಾನು, ಆ ಕೆಲಸಕ್ಕೆ ಈಗ ಹೊಸದಾಗಿ ಕಾಲಿಡುತ್ತಿರುವ ತರುಣ ತರುಣಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ಕಥೆಯನ್ನು ಇಲ್ಲಿ ಬಿಟ್ಟುಬಿಡುತ್ತೇನೆ. ಅದು ನನ್ನ ಮನೆಯವರಿಗೇ ಆಕಳಿಕೆ ತರಿಸಿದ ಸಂಗತಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ: ಈ ಐದು ಊರುಗಳ ಕಾವಲು ತುಕಡಿಗಳಿಗೆ ಸರದಿಯಂತೆ ಹೋಗಿ, ಅಲ್ಲಿನ ರೈಫಲ್ಲುಗಳನ್ನು ಪರೀಕ್ಷಿಸಿ, ಜವಾನರಿಗೆ ಅಭ್ಯಾಸ ಮಾಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಕಾಲಬುಡದಲ್ಲಿ ಉಪಕರಣಗಳ ಪೆಟ್ಟಿಗೆ, ಸೇಡಂ ಹತ್ತಿರವಾದಂತೆ ಕೆಳಗೆ ಕಾಗಿಣಾ ನದಿ. ಖಜಾನೆಯ ಗಾರ್ಡ್ ರೂಮುಗಳಿಗೆಲ್ಲ ಶಹಾಬಾದಿನ ಫರಸಿ ಹಾಸಿರುತ್ತಿದ್ದರು. ಪಹರೆ ಬದಲಾಗುವಾಗ ಆ ಕಲ್ಲಿನ ಮೇಲೆ ರೈಫಲ್ಲಿನ ಹಿತ್ತಾಳೆಯ ತಳ ಬಡಿದು ಏಳುತ್ತಿದ್ದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಈಗಿನ ಬಂದೂಕುಗಳು ಆ ಸದ್ದು ಮಾಡುವುದಿಲ್ಲ.

ಆಗ ನಮ್ಮ ಕೈಯಲ್ಲಿದ್ದದ್ದು ಹಳೆಯ ಬೋಲ್ಟ್ ರೈಫಲ್. ಒಂದು ಗುಂಡು ಹಾರಿದ ಮೇಲೆ ಬೋಲ್ಟಿನ ಹಿಡಿಯನ್ನು ಕೈಯಿಂದಲೇ ಎತ್ತಿ, ಹಿಂದೆಳೆದು, ಮುಂದಕ್ಕೆ ತಳ್ಳಬೇಕು. ಆಗ ಕೆಳಗಿರುವ ಮ್ಯಾಗಜಿನ್ ಎಂಬ ತಗಡಿನ ಡಬ್ಬಿಯಿಂದ ಮುಂದಿನ ಗುಂಡು ಮೇಲೇರಿ ನಳಿಕೆಗೆ ಹೋಗುತ್ತದೆ. ಹಿಂಬದಿಯಲ್ಲಿ ಭುಜಕ್ಕೆ ಆನಿಸಿಕೊಳ್ಳುವ ಮರದ ಭಾಗಕ್ಕೆ ಬಟ್ ಎನ್ನುತ್ತಿದ್ದೆವು. ಈ ಲೇಖನಕ್ಕೆ ಇವೆರಡರ ಪರಿಚಯ ಸಾಕು. ನನ್ನ ವೃತ್ತಿಜೀವನದ ಅತಿ ದೊಡ್ಡ ವಾದ ನಡೆದದ್ದು ಇವೆರಡರ ನಡುವೆ.

ನನಗೆ ಬಂದೂಕು ಕಲಿಸಿದವರು ಹೆಡ್ ಕಾನ್‌ಸ್ಟೇಬಲ್ ಮೌಲಾಸಾಬರು. ತರಬೇತುದಾರರನ್ನು ಎಲ್ಲರೂ ಉಸ್ತಾದರೆಂದೇ ಕರೆಯುತ್ತಿದ್ದರು. ಕಾಲೇಜಿನ ಚರ್ಚಾಕೂಟಗಳಲ್ಲಿ ಕಪ್ಪು ಗೆದ್ದು ನೇರವಾಗಿ ಪಡೆಗೆ ಸೇರಿದ್ದ ನಾನು ಮೊದಲ ದಿನವೇ ಅವರಿಗೊಂದು ಪ್ರಶ್ನೆ ಕೇಳಿದೆ: ಉಸಿರು ಬಿಗಿಹಿಡಿದು ಗುರಿಯಿಡಬೇಕೆಂಬ ನಿಯಮಕ್ಕೆ ಆಧಾರವೇನು?

“ಆಧಾರ ಕೇಳ್ತಾನ ನೋಡ್ರಿ ಬಿ.ಎ. ಸಾಹೇಬ,” ಎಂದು ಅವರು ಉಳಿದವರ ಕಡೆ ತಿರುಗಿದರು. “ತಮ್ಮಾ, ಡಿಬೇಟಿನಾಗ ಬಾಯಿ ತೆರೆದವ ಗೆಲ್ತಾನ. ಇಲ್ಲಿ ಮುಚ್ಚಿದವ ಗೆಲ್ತಾನ. ಮಲಕೋ, ಹೊಡಿ, ಆಮ್ಯಾಲ ಆಧಾರ ನಿನಗೇ ತಿಳೀತದ.”

ಮಲಗಿದೆ, ಹೊಡೆದೆ, ಐದೂ ಗುಂಡು ಗುರಿಹಲಗೆಯ ಆಚೆ ಹೋದವು. ಮಧ್ಯಾಹ್ನ ಅವರೇ ನನ್ನನ್ನು ಕರೆದು ತಮ್ಮ ಬುತ್ತಿಯ ಜೋಳದ ರೊಟ್ಟಿ, ಅಗಸಿ ಹಿಂಡಿ ಮುಂದಿಟ್ಟರು. ನನ್ನ ರೈಫಲ್ಲಿನ ಮರಕ್ಕೆ ಅದೇ ಅಗಸೆಯ ಎಣ್ಣೆಯನ್ನು ಅಂಗೈಯಿಂದ ತಿಕ್ಕುತ್ತ ಹೇಳಿದರು: “ಕಬ್ಬಿಣಕ್ಕ ಎಣ್ಣಿ ಕಡಿಮಿ, ಕಟ್ಟಿಗಿಗೆ ಎಣ್ಣಿ ಭಾಳ. ನಮ್ಮ ಮಂದಿ ಉಲ್ಟಾ ಮಾಡ್ತಾರ. ಸಾಹೇಬರು ಕಬ್ಬಿಣಾನೇ ನೋಡ್ತಾರಲ್ಲ, ಅದಕ್ಕ.”

ಅಂದು ಅವರು ಇನ್ನೊಂದು ಸಂಗತಿಯನ್ನೂ ತೋರಿಸಿದರು. ಆ ರೈಫಲ್ಲನ್ನು ಮಾಡಿದವರು ಬಟ್ಟನ್ನು ಬೇರೆ ಬೇರೆ ಉದ್ದಗಳಲ್ಲಿ ಮಾಡಿದ್ದರು. ಉದ್ದ ತೋಳಿನವನಿಗೆ ಉದ್ದದ್ದು, ಗಿಡ್ಡ ತೋಳಿನವನಿಗೆ ಗಿಡ್ಡದ್ದು. ಆದರೆ ನಮ್ಮ ಪಡೆಯಲ್ಲಿ ಗಿಡ್ಡ ಬಟ್ ಹಿಡಿಯಲು ಯಾವ ಗಂಡಸೂ ಒಪ್ಪುತ್ತಿರಲಿಲ್ಲ. ಗಿಡ್ಡ ಬಟ್ಟಿನ ರೈಫಲ್ ಬಂದವನನ್ನು ಇಡೀ ಬ್ಯಾರಕ್ಕು ‘ಏ ಗಿಡ್ಡ್ಯಾ’ ಎಂದು ಕರೆಯುತ್ತಿತ್ತು. ಅವಮಾನ ತಾಳಲಾರದೆ ಒಬ್ಬೊಬ್ಬರೂ ಅದನ್ನು ಬಿಚ್ಚಿಸಿ ಮಾಮೂಲಿ ಅಳತೆಯದನ್ನು ಹಾಕಿಸಿಕೊಂಡರು. ನಾನು ತರಬೇತುದಾರನಾಗುವ ಹೊತ್ತಿಗೆ ನಮ್ಮ ಶಸ್ತ್ರಾಗಾರದಲ್ಲಿ ಗಿಡ್ಡ ಬಟ್ ಎಂಬುದೇ ಉಳಿದಿರಲಿಲ್ಲ. ಎಲ್ಲರಿಗೂ ಒಂದೇ ಅಳತೆ. ಸಾಲಾಗಿ ನಿಲ್ಲಿಸಿದರೆ ನೋಡಲು ಬಲು ಚೆಂದ.

ಇನ್ನು ಮ್ಯಾಗಜಿನ್ನಿನ ಕಡೆಗೆ ಬರೋಣ. ವಾಡಿಯ ಗಾರ್ಡಿನಲ್ಲಿ ಶರಣಪ್ಪನೆಂಬ ಹಿರಿಯ ಕಾನ್‌ಸ್ಟೇಬಲ್ ಇದ್ದ. ಗುರಿ ಅವನ ಕೈಗೆ ಹುಟ್ಟಿನಿಂದಲೇ ಬಂದಂತಿತ್ತು; ಬಾಯಿ ಅದಕ್ಕಿಂತ ಮೊದಲೇ ಬಂದಿರಬೇಕು. ಒಮ್ಮೆ ನಾನು ಹೋದಾಗ ರೈಫಲ್ಲನ್ನು ನನ್ನ ಮುಂದೆ ಚಾಚಿ, “ಉಸ್ತಾದ್ರೀ, ಇದನ್ನ ಮ್ಯೂಜಿಯಮ್ಮಿಗೆ ಕೊಟ್ಟುಬಿಡ್ರಿ. ಎರಡು ಗುಂಡು ಉಗುಳ್ತದ, ಮೂರನೇದಕ್ಕ ಬಾಯಿ ಕಚ್ಚಿಕೊಂಡು ಕುಂದ್ರತದ. ನಮ್ಮ ಮನ್ಯಾಕಿ ಸಿಟ್ಟಿಗೆದ್ದಂಗ,” ಎಂದ.

ಮ್ಯಾಗಜಿನ್ ಬಿಚ್ಚಿ ನೋಡಿದೆ. ಗುಂಡನ್ನು ಮೇಲೆತ್ತುವ ತಟ್ಟೆಯನ್ನು ಬೆರಳಿನಿಂದ ಒತ್ತಿದರೆ ಅದು ಕೆಳಗಿಳಿಯಿತು. ಮೇಲೇಳಲು ಮನಸ್ಸು ಮಾಡಲಿಲ್ಲ. ಒಳಗೆಲ್ಲ ಬೂದಿ ಬಣ್ಣದ ಅಂಟು.

“ಇದೇನು ಶರಣಪ್ಪಾ?”

“ಎಣ್ಣೀ ಅಲ್ಲೇನ್ರೀ. ನಾಳಿ ಸಾಹೇಬರು ತಪಾಸಣಿಗೆ ಬರ್ತಾರಂತ ಚಲೋತ್ನಂಗ ಹಾಕೀನಿ. ಮಾರಿ ಕಾಣಬೇಕು, ಹಂಗ ಹೊಳಿಯಾಕತ್ತದ ನೋಡ್ರಿ.”

ವಾಡಿಯ ಗಾಳಿಯಲ್ಲಿ ಏನಿರುತ್ತದೆಂದು ಅಲ್ಲಿ ಅಂಗಿ ಒಣಗಿಸಿದವರಿಗೆ ಗೊತ್ತು. ಸುಣ್ಣದ ಕಲ್ಲಿನ ಧೂಳು, ಸಿಮೆಂಟಿನ ಧೂಳು ಎಣ್ಣೆಯೊಳಗೆ ಇಳಿದು ಕಲಸಿಕೊಂಡು, ದಿನಗಳು ಕಳೆದಂತೆ ಗಾರೆಯಾಗುತ್ತಿತ್ತು. ಇದು ನಮ್ಮ ಸೀಮೆಯಲ್ಲಷ್ಟೇ ಆಗಬಹುದಾದ ತಪ್ಪು. ಬೇರೆಡೆ ಎಣ್ಣೆ ಹೆಚ್ಚಾದರೆ ತೊಟ್ಟಿಕ್ಕುತ್ತದೆ. ನಮ್ಮಲ್ಲಿ ಗೋಡೆ ಕಟ್ಟುತ್ತದೆ. ಅವನಿಗೆ ಅದನ್ನು ವಿವರಿಸಿದೆ. ಅವನು ತಲೆಯಾಡಿಸಿ, “ಎಲ್ಲಾ ಖರೇರಿ, ಆದ್ರ ಹೊಳಪು ಇಲ್ಲಂದ್ರ ಬೈಸಿಕೊಳ್ಳಾವ ನಾನು,” ಎಂದ.

ಅದೇ ಕಾಲಕ್ಕೆ ನಮ್ಮ ಪಡೆಗೆ ಮೊದಲ ಬಾರಿ ಮಹಿಳಾ ಕಾನ್‌ಸ್ಟೇಬಲ್ಲುಗಳ ತಂಡವೊಂದು ಸೇರಿತು. ಅವರಲ್ಲಿ ಸುಜಾತಾ ಎಂಬುವಳು ಕಾಳಗಿಯ ಕಡೆಯ ಹಳ್ಳಿಯವಳು. ಅವಳ ಮನೆತನದಲ್ಲಿ ಸರ್ಕಾರಿ ನೌಕರಿಗೆ ಬಂದ ಮೊದಲಿಗಳು. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಚಿತ್ರಗಳಿರುವ ಮನೆಯಲ್ಲಿ ಬೆಳೆದ ಆ ಹುಡುಗಿಗೆ ಖಾಕಿ ಅಂಗಿ ಬರೀ ಬಟ್ಟೆಯಾಗಿರಲಿಲ್ಲ. ಓಟದಲ್ಲಿ, ಕವಾಯತಿನಲ್ಲಿ ಮುಂದು. ಚಿಂಚೋಳಿಯ ಗುಡ್ಡದ ಬುಡದಲ್ಲಿದ್ದ ನಮ್ಮ ಗುರಿ ಅಭ್ಯಾಸದ ಮೈದಾನದಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಮಾತ್ರ ಅವಳ ಗುಂಡುಗಳು ಹಲಗೆಯನ್ನು ಮುಟ್ಟಲಿಲ್ಲ. ನಮ್ಮ ಭಾಷೆಯಲ್ಲಿ ಅದಕ್ಕೆ ವಾಶ್‌ಔಟ್ ಎನ್ನುತ್ತಿದ್ದೆವು. ಅವಳೊಬ್ಬಳೇ ಅಲ್ಲ, ಆ ತಂಡದ ಬಹುತೇಕರು ಹಾಗೆಯೇ ಆದರು. ಎರಡನೆಯ ಪರೀಕ್ಷೆಯಲ್ಲೂ ವಾಶ್‌ಔಟ್ ಆದವರನ್ನು ಸಶಸ್ತ್ರ ಪಡೆಯಿಂದ ಕೈಬಿಡುವುದು ಆಗ ನಮ್ಮಲ್ಲಿದ್ದ ಪದ್ಧತಿ.

ನಮ್ಮ ಇನ್‌ಸ್ಪೆಕ್ಟರ್ ಪಾಟೀಲ ಸಾಹೇಬರು ನ್ಯಾಯವಂತರು, ಆದರೆ ಅವಸರದ ಮನುಷ್ಯ. ದುರ್ಬೀನು ಕೆಳಗಿಳಿಸಿ, “ರೈಫಲ್ ಭಾರ ಅದರಿ ಇವರಿಗೆ,” ಎಂದು ನಿಟ್ಟುಸಿರುಬಿಟ್ಟರು.

ಸುಜಾತಾ ಹತ್ತಿರದಲ್ಲೇ ನಿಂತಿದ್ದಳು. “ಸರ್, ತೊಗರಿ ಮೂಟಿ ಬೆನ್ನ ಮ್ಯಾಲ ಹೊತ್ತು ಟ್ರ್ಯಾಕ್ಟರಿಗೆ ಏರಿಸೀನ್ರಿ. ಇದ್ಯಾವ ಭಾರ?” ಎಂದಳು. ಸಾಹೇಬರು ನಕ್ಕರು; ಅವಳು ನಗಲಿಲ್ಲ.

ನೀರು ಕುಡಿಯಲು ಲೋಟ ಎತ್ತುವಾಗ ಅವಳ ಮುಖ ಕಿವುಚಿದ್ದನ್ನು ನಾನು ಗಮನಿಸಿದೆ. ಗುಂಡು ಹಾರುವಾಗ ರೈಫಲ್ ಹಿಂದಕ್ಕೆ ಒದೆಯುವ ಪೆಟ್ಟು ಎಲ್ಲಿ ಬಿದ್ದಿದೆ ಎಂದು ಕೇಳಿದೆ. ಭುಜದ ಗುಳಿಯನ್ನು ತೋರಿಸುತ್ತಾಳೆಂದುಕೊಂಡಿದ್ದೆ. ಅವಳು ತೋರಿಸಿದ್ದು ತೋಳನ್ನು. ರೈಫಲ್ಲನ್ನು ಮತ್ತೆ ಅವಳ ಕೈಗೆ ಕೊಟ್ಟು, ಬಟ್ಟಿನ ತಳವನ್ನು ಮೊಣಕೈಯ ಮಡಿಕೆಗೆ ಆನಿಸಿ, ಬೆರಳನ್ನು ಟ್ರಿಗರಿಗೆ ಚಾಚು ಎಂದೆ. ಉಗುರಿನ ತುದಿ ಮಾತ್ರ ತಾಗಿತು. ಟ್ರಿಗರ್ ಎಟುಕಿಸಿಕೊಳ್ಳಲು ಅವಳು ಪ್ರತಿ ಸಲವೂ ಬಟ್ಟನ್ನು ಭುಜದಿಂದ ತೋಳಿಗೆ ಜಾರಿಸುತ್ತಿದ್ದಳು, ಕೆನ್ನೆ ಮರದಿಂದ ದೂರವಾಗುತ್ತಿತ್ತು, ಕಣ್ಣು ಗುರಿಯ ನೇರ ತಪ್ಪುತ್ತಿತ್ತು. ಉಳಿದ ಹುಡುಗಿಯರನ್ನೂ ಕರೆದು ಅಳೆದೆ. ಹೆಚ್ಚಿನವರದು ಅದೇ ಸ್ಥಿತಿ.

ಎರಡನೆಯ ಪರೀಕ್ಷೆಗೆ ಮೊದಲು ಕೇಂದ್ರ ಕಾರ್ಯಾಗಾರದಿಂದ ಸೂಚನೆ ಬಂತು. ಈ ಹಳೆಯ ರೈಫಲ್ಲುಗಳು ಹೇಗೂ ಕೆಲವೇ ವರ್ಷಗಳಲ್ಲಿ ಹೋಗುವಂಥವು. ಅಲ್ಲಿಯವರೆಗೆ ನಡೆಸಲು ಒಂದು ಭಾಗವನ್ನು ಮಾತ್ರ ಬದಲಿಸಿಕೊಡುತ್ತೇವೆ, ಯಾವುದು ಬೇಕೆಂದು ತಿಳಿಸಿ. ಪಾಟೀಲ ಸಾಹೇಬರು ತಮ್ಮ ಕೋಣೆಯಲ್ಲಿ ಸಭೆ ಕರೆದರು. ಗಾರ್ಡುಗಳ ಪರವಾಗಿ ಶರಣಪ್ಪ, ತರಬೇತಿಯ ಪರವಾಗಿ ನಾನು.

“ಮ್ಯಾಗಜಿನ್,” ಎಂದರು ಸಾಹೇಬರು, ಸಭೆ ಶುರುವಾಗುವ ಮೊದಲೇ ಮುಗಿಯಿತೆಂಬಂತೆ.

ಕಾಲೇಜಿನ ಚರ್ಚಾಕೂಟ ನನಗೆ ಕಲಿಸಿದ ಒಂದು ಶಿಸ್ತನ್ನು ನಾನು ಬಿಟ್ಟಿರಲಿಲ್ಲ. ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ನಾವೇ ಹೇಳಬೇಕು. ಆಮೇಲಷ್ಟೇ ಅದನ್ನು ಒಡೆಯುವ ಹಕ್ಕು ನಮಗೆ ಬರುತ್ತದೆ. ಹಾಗಾಗಿ ಮ್ಯಾಗಜಿನ್ನಿನ ಪರವಾಗಿ ನಾನೇ ಮಾತಾಡಿದೆ. ಗುಂಡು ಮೇಲೇರದ ರೈಫಲ್ ಬರಿಯ ದೊಣ್ಣೆ. ಖಜಾನೆಯ ಬಾಗಿಲಲ್ಲಿ ನಿಂತವನ ಜೀವ ಮೂರನೆಯ ಗುಂಡಿನ ಮೇಲೆ ನಿಂತಿರಬಹುದು. ಗುರಿ ತಪ್ಪಿದ ಗುಂಡಾದರೂ ಸದ್ದು ಮಾಡಿ ಎದುರಿಗಿದ್ದವನನ್ನು ಹೆದರಿಸೀತು. ಹಾರದ ಗುಂಡು ಅದನ್ನೂ ಮಾಡದು.

“ಉಸ್ತಾದರು ನಮ್ಮ ಪಾರ್ಟಿಗೆ ಬಂದ್ರು!” ಎಂದು ಶರಣಪ್ಪ ತೊಡೆ ತಟ್ಟಿದ.

“ಬಂದಿಲ್ಲ,” ಎಂದೆ. “ಸರ್, ನನ್ನದು ಒಂದೇ ಪ್ರಶ್ನೆ. ಎರಡು ದೋಷಗಳಲ್ಲಿ ಒಂದು ಚಿಂದಿ ಬಟ್ಟೆಯಿಂದ ಒರೆಸಿದರೆ ಹೋಗುವಂಥದ್ದು, ಇನ್ನೊಂದು ಏನು ಮಾಡಿದರೂ ಹೋಗದಂಥದ್ದು ಎಂದಾದರೆ, ಕಾರ್ಯಾಗಾರದಿಂದ ಯಾವುದನ್ನು ಸರಿಮಾಡಿಸಿಕೊಳ್ಳಬೇಕು? ಮ್ಯಾಗಜಿನ್ನಿನ ಜಡ್ಡಿಗೆ ಔಷಧ ನಮ್ಮ ಕೈಯಲ್ಲೇ ಇದೆ: ಎಣ್ಣೆ ಹಾಕದಿರುವುದು. ಹೊಸ ಮ್ಯಾಗಜಿನ್ ತಂದರೂ ಮುಂದಿನ ತಪಾಸಣೆಗೆ ಅದರೊಳಗೂ ಗಾರೆ ಕಟ್ಟುತ್ತದೆ. ಆದರೆ ಯಾವ ಅಭ್ಯಾಸವೂ ಸುಜಾತಾಳ ತೋಳನ್ನು ಉದ್ದ ಮಾಡಲಾರದು.”

ಸಾಹೇಬರು ಪೆನ್ನಿನ ಮುಚ್ಚಳ ತಿರುಗಿಸುತ್ತ, “ಮಾತು ಚಲೋ ಅದರಿ. ಆದ್ರ ಮಾತಿಗೆ ನಾ ರೈಫಲ್ ಬದಲಿ ಮಾಡಂಗಿಲ್ಲ. ತೋರಿಸ್ರಿ,” ಎಂದರು.

“ತೋರಿಸುತ್ತೇನೆ. ಎರಡನೆಯ ಪರೀಕ್ಷೆಯ ದಿನ ಶರಣಪ್ಪ ತನ್ನ ಹಳೆಯ ಮ್ಯಾಗಜಿನ್ನನ್ನೇ ಒಣಗಿಸಿ ಒರೆಸಿಕೊಂಡು ಬರಲಿ. ಬೇಗ ಬೇಗ ಹೊಡೆಯಲಿ. ಒಂದು ಗುಂಡು ಸಿಕ್ಕಿಬಿದ್ದರೂ ನನ್ನ ವಾದ ಬಿಡುತ್ತೇನೆ. ಸುಜಾತಾ ಗಿಡ್ಡ ಬಟ್ಟಿನಿಂದ ಹೊಡೆಯಲಿ.”

“ಗಿಡ್ಡ ಬಟ್ ಎಲ್ಲದಾವರಿ? ನಾ ಬಂದಾಗಿಂದ ಒಂದೂ ಕಂಡಿಲ್ಲ.”

ಇಲ್ಲಿ ನನ್ನ ವಾದ ನಿಂತುಹೋಯಿತು. ಅದು ಎಲ್ಲಿ ಸಿಗುತ್ತದೆಂದು ನನಗೂ ಗೊತ್ತಿರಲಿಲ್ಲ. ಶರಣಪ್ಪ ಕೆಮ್ಮಿದ.

“ಸಾಹೇಬ್ರ, ಬೈಯಂಗಿಲ್ಲಂದ್ರ ಒಂದು ಮಾತು ಹೇಳ್ತೀನ್ರಿ. ವಾಡಿ ಗಾರ್ಡ್ ರೂಮಿನ ಬಾಗಲ ಗಾಳಿಗೆ ಬಡಕೋತದಂತ ಅದಕ್ಕ ಒಂದು ಕಟ್ಟಿಗಿ ಒತ್ತು ಕೊಟ್ಟೀವಲ್ರೀ, ಅದು ಗಿಡ್ಡ ಬಟ್ಟೇರಿ. ನನಗ ಮೊದಲ ಬಂದಿದ್ದು ಅದೇ. ಬಿಚ್ಚಿಸಿ ಒಗದಿದ್ದೆ.”

ಪಾಟೀಲ ಸಾಹೇಬರು ಅವನನ್ನೇ ನೋಡಿದರು. “ಸರ್ಕಾರಿ ರೈಫಲ್ಲಿನ ಭಾಗ, ಬಾಗಲಿಗೆ?”

“ಭಾಳ ಗಟ್ಟಿ ಅದರಿ,” ಎಂದ ಶರಣಪ್ಪ, ಆ ಕಟ್ಟಿಗೆಯ ಪರವಾಗಿ ಶಿಫಾರಸು ಮಾಡುವವನಂತೆ.

ಆ ಬಟ್ಟನ್ನು ತರಿಸಿ, ಶಸ್ತ್ರಾಗಾರದ ಕುಶಲಕರ್ಮಿಯಿಂದ ಪರೀಕ್ಷೆ ಮಾಡಿಸಿ, ಒಂದು ರೈಫಲ್ಲಿಗೆ ವಿಧಿಪ್ರಕಾರ ಕೂಡಿಸಿದೆವು. ಒಣಗಿದ್ದ ಮರಕ್ಕೆ ನಾನೇ ಅಗಸೆ ಎಣ್ಣೆ ಉಣಿಸಿದೆ.

ಪರೀಕ್ಷೆಯ ಬೆಳಗ್ಗೆ ಚಿಂಚೋಳಿಯ ಮೈದಾನದಲ್ಲಿ ಮೊದಲು ಶರಣಪ್ಪ ಮಲಗಿದ. ಬೋಲ್ಟ್ ಹಿಂದೆ, ಮುಂದೆ, ಸದ್ದು. ಹಿಂದೆ, ಮುಂದೆ, ಸದ್ದು. ಹಳೆಯ ಮ್ಯಾಗಜಿನ್ ಖಾಲಿಯಾಗುವವರೆಗೂ ಎಲ್ಲಿಯೂ ತಡೆಯಲಿಲ್ಲ. ಅವನೇ ಅಚ್ಚರಿಪಟ್ಟು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಹಂಗಂದ್ರ ಇಷ್ಟು ವರ್ಷ ನಾವು ಗಾರಿ ಕೆಲಸ ಮಾಡಿಸೀವಿ ಅಂದಂಗಾತು,” ಎಂದರು ಸಾಹೇಬರು. “ನಾಳಿಯಿಂದ ತಪಾಸಣಿಯಾಗ ಹೊಳಪು ಕೇಳಂಗಿಲ್ಲ. ಬಿಳಿ ಅರಿವಿ ಒಳಗ ಹಾಕಿ ನೋಡ್ತೀನಿ.”

ಅರ್ಧ ವಾದ ಗೆದ್ದ ಹುಮ್ಮಸ್ಸಿನಲ್ಲಿ ನಾನು ಸುಜಾತಾಳನ್ನು ಕರೆದು ಗಿಡ್ಡ ಬಟ್ಟಿನ ರೈಫಲ್ ಕೊಟ್ಟೆ. ಮೊಣಕೈಯಲ್ಲಿ ಆನಿಸಿ ನೋಡಿದಳು. ಬೆರಳು ಸಲೀಸಾಗಿ ಟ್ರಿಗರನ್ನು ಸುತ್ತಿ ಹಿಡಿಯಿತು. ಅವಳ ಕಣ್ಣುಗಳು ಅರಳಿದವು. ಮಲಗಬೇಕಿತ್ತು, ಮಲಗಲಿಲ್ಲ.

“ಉಸ್ತಾದ್ರೀ, ಇದು ನನಗೊಬ್ಬಾಕಿಗೇ ಏನ್ರಿ?”

“ಇರುವುದು ಒಂದೇ ಅಲ್ಲವೇನಮ್ಮ. ನೀನು ಹೊಡೆದು ತೋರಿಸು. ಮುಂದೆ ಎಲ್ಲರಿಗೂ ಬರುತ್ತದೆ.”

“ಮುಂದ ಬರೂದು ಖರೇ. ಆದ್ರ ಇವರ ಪರೀಕ್ಷಾ ಇವತ್ತೇ ಅದ. ನಾ ಪಾಸಾದ್ರ ನಿಮ್ಮ ಮಾತು ಗೆದ್ದಂಗ. ಇವರು ಮನಿಗೆ ಹೋದ್ರ ಯಾರು ಗೆದ್ದಂಗ್ರಿ?” ಎಂದು ಅವಳು ಹಿಂದೆ ಸಾಲಾಗಿ ನಿಂತಿದ್ದ ಗೆಳತಿಯರತ್ತ ಕೈ ತೋರಿದಳು. “ಎಲ್ಲಾರಿಗೂ ಇದನ್ನೇ ಕೊಡ್ರಿ. ಇಲ್ಲಂದ್ರ ನನಗೂ ಹಳೇದೇ ಕೊಡ್ರಿ.”

ನಾನು ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ವಾದಗಳನ್ನು ಕೇಳಿದ್ದೇನೆ. ಇಷ್ಟು ಚಿಕ್ಕದಾದ, ಇಷ್ಟು ಗಟ್ಟಿಯಾದ ವಾದವನ್ನು ಕೇಳಿರಲಿಲ್ಲ. ಅವಳು ಪಣಕ್ಕಿಟ್ಟದ್ದು ತನ್ನ ನೌಕರಿಯನ್ನು. ಪ್ರತಿಯೊಬ್ಬರೂ ತಮ್ಮ ಹೆಸರಿಗೆ ಕೊಟ್ಟ ರೈಫಲ್ಲಿನಿಂದಲೇ ಹೊಡೆಯಬೇಕೆಂಬುದು ಮೈದಾನದ ರೂಢಿ. ನಾನು ಸಾಹೇಬರ ಮುಖ ನೋಡಿದೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಗುಡ್ಡದ ಮೇಲಿನ ಬಿಸಿಲು ನೋಡಿದರು.

“ಒಂದು ರೈಫಲ್, ಇಷ್ಟು ಮಂದಿ. ಬಿಸಿಲು ಏರತದ,” ಎಂದರು. “ಏರ್ಲಿ. ನಳಿಗಿ ಆರಾಕ ನಡುನಡುವ ವ್ಯಾಳ್ಯಾ ಕೊಡ್ರಿ. ಎಲ್ಲಾರೂ ಇದರಲೇ ಹೊಡೀಲಿ.”

ಸುಜಾತಾ ಮಲಗಿದಳು. ಮೊದಲ ಗುಂಡು ಹಲಗೆ ದಾಟಿ ಹಿಂದಿನ ಮಣ್ಣಿಗೆ ಬಿತ್ತು. ಎರಡನೆಯದೂ ಹಾಗೆಯೇ. ಬಟ್ ಬದಲಾಗಿತ್ತು, ತೋಳಿಗೆ ಬಿದ್ದ ಹಳೆಯ ಪೆಟ್ಟುಗಳ ಹೆದರಿಕೆ ಮೈಯಲ್ಲಿ ಇನ್ನೂ ಇತ್ತು, ಟ್ರಿಗರ್ ಎಳೆಯುವ ಕ್ಷಣಕ್ಕೆ ಅವಳ ಕಣ್ಣು ಮುಚ್ಚುತ್ತಿತ್ತು. ಪರೀಕ್ಷೆಯ ನಡುವೆ ತರಬೇತುದಾರ ಬಾಯಿ ತೆರೆಯುವಂತಿಲ್ಲ. ಅವಳು ರೈಫಲ್ಲನ್ನು ಭುಜದಿಂದ ಇಳಿಸಿ, ನೆಲಕ್ಕೆ ಹಣೆ ಆನಿಸಿ ಎರಡು ಸಲ ಉಸಿರಾಡಿದಳು. ಮತ್ತೆ ಎತ್ತಿದಳು. ಈ ಸಲ ಕೆನ್ನೆ ಮರಕ್ಕೆ ಅಂಟಿತ್ತು. ಹಲಗೆಯ ಬಳಿಯಿಂದ ಬಾವುಟ ಎದ್ದಿತು: ತಾಗಿದೆ. ಮುಂದಿನದಕ್ಕೂ ಎದ್ದಿತು, ಅದರ ಮುಂದಿನದಕ್ಕೂ. ಪಾಸಾಗಲು ಎಷ್ಟು ಬೇಕೋ ಅಷ್ಟೇ, ಒಂದೂ ಹೆಚ್ಚಿಲ್ಲ. ಎದ್ದು ಬೋಲ್ಟ್ ತೆರೆದು ರೈಫಲ್ಲನ್ನು ಮುಂದಿನವಳ ಕೈಗೆ ಕೊಡುತ್ತ, “ಹೆದರಬ್ಯಾಡಕ್ಕಾ, ಇದು ಒದಿಯಂಗಿಲ್ಲ, ನೂಕ್ತದ ಅಷ್ಟೇ,” ಎಂದಳು.

ಆ ಒಂದು ರೈಫಲ್ ಬಿಸಿಲೇರುವವರೆಗೂ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಪಾಸಾದರು ಎಂದು ಬರೆಯುವ ಆಸೆ ನನಗಿದೆ, ಆದರೆ ಹಾಗಾಗಲಿಲ್ಲ. ಇಬ್ಬರಿಗೆ ಅಂದೂ ಹಲಗೆ ಮುಟ್ಟಲಾಗಲಿಲ್ಲ. ಅವರಿಗೆ ನ್ಯಾಯವಾದ ಬಂದೂಕು ಸಿಕ್ಕಿತ್ತು, ಆಮೇಲೆ ಬಂದ ಫಲಿತಾಂಶವೂ ನ್ಯಾಯವಾದದ್ದೇ. ಆದರೂ ಪಾಟೀಲ ಸಾಹೇಬರು ಅವರನ್ನು ಮನೆಗೆ ಕಳಿಸದೆ ವೈರ್‌ಲೆಸ್ ವಿಭಾಗಕ್ಕೆ ಶಿಫಾರಸು ಮಾಡಿದರು. ಕಾರ್ಯಾಗಾರಕ್ಕೆ ಅವರು ಹೇಳಿ ಕಳಿಸಿದ್ದು ಒಂದೇ ಪದ: ಬಟ್.

ಬಟ್ಟುಗಳು ಬಂದವು, ಕೆಲವು ವರ್ಷ ದುಡಿದವು. ಆಮೇಲೆ ಆ ರೈಫಲ್ಲುಗಳೇ ಲಾರಿ ಹತ್ತಿ ಹೋದವು. ಅವುಗಳನ್ನು ಏರಿಸುವ ದಿನ ಪಡೆಯ ಅಂಗಳವೆಲ್ಲ ಅಗಸೆ ಎಣ್ಣೆಯ ವಾಸನೆ. ಗಡಸು ಮನುಷ್ಯರೆನಿಸಿಕೊಂಡವರೂ ತಮ್ಮ ಬಟ್ಟಿನ ನಂಬರನ್ನು ಒಮ್ಮೆ ಸವರಿ ಕಳಿಸಿದರು. ಹೊಸ ಆಯುಧಗಳಲ್ಲಿ ಕೈಯಿಂದ ಬೋಲ್ಟ್ ಎಳೆಯುವ ಕೆಲಸವಿಲ್ಲ, ಮರವಿಲ್ಲ, ತೂಕವೂ ಕಡಿಮೆ. ಕೆಲವುಗಳ ಬಟ್ಟನ್ನು ಹಿಂದೆ ಮುಂದೆ ಜರುಗಿಸಿ, ಖಾಚುಗಳೆಂಬ ಕಚ್ಚುಗಳಲ್ಲಿ ಅಳತೆಗೆ ತಕ್ಕಂತೆ ನಿಲ್ಲಿಸಬಹುದು. ಮಾಡಿದವರು ನಮಗಿಂತ ಮೊದಲೇ ಯೋಚಿಸಿದ್ದಾರೆಂದು ನಾನು ಸಂತೋಷಪಟ್ಟಿದ್ದೆ.

ಸುಜಾತಾ ಈಗ ಸೇಡಮ್ಮಿನಲ್ಲಿದ್ದಾಳೆ, ಹೊಸಬರಿಗೆ ಅವಳೇ ಉಸ್ತಾದಳು. ಮೊನ್ನೆ ಫೋನು ಮಾಡಿದ್ದಳು.

“ಸರ್, ಈ ಸಲ ಉಲ್ಟಾ ಆಗ್ಯದರಿ. ಆರಡಿಗಿಂತ ಮ್ಯಾಲಿದ್ದಾನ ಒಬ್ಬಾವ, ಬಟ್ ಅವಗ ಗಿಡ್ಡ ಆಗ್ತದ. ಹೊಡದಾಗೊಮ್ಮೆ ತನ್ನ ಹೆಬ್ಬಟ್ಟು ತನ್ನ ಮೂಗಿಗೇ ಬಡಕೋತಾನ. ಮೂಗು ಬಾತು ಬದನೀಕಾಯಿ ಆಗ್ಯದ. ಎಲ್ಲಾರೂ ನಗ್ತಾರ, ಅಂವ ಪೊಲೀಸಾಗಾಕ ನಾಲಾಯಕ್ ಅಂತಾರ.”

“ಬಟ್ ಜರುಗಿಸಿಕೊಟ್ಟರೆ ಸರಿಹೋಗುತ್ತದಲ್ಲಮ್ಮ?”

“ಜರುಗತದರಿ. ಆದ್ರ ಎಲ್ಲಾವನ್ನೂ ಒಂದೇ ಖಾಚಿನಾಗ ಕುಂದ್ರಿಸಿ ಇಡಬೇಕಂತ ಹೇಳ್ಯಾರ. ಪರೇಡಿನಾಗ ಸಾಲು ಚಂದ ಕಾಣಬೇಕಲ್ಲ.”

ಫೋನು ಇಟ್ಟ ಮೇಲೆ ಈ ಬರಹಕ್ಕೆ ಕೂತೆ. ಅಂದು ನಾನು ನನ್ನ ವಾದವನ್ನು ಹೆಣ್ಣುಮಕ್ಕಳ ಪರವಾದ ವಾದವೆಂದುಕೊಂಡಿದ್ದೆ. ಅದು ಅಷ್ಟಕ್ಕೇ ನಿಲ್ಲುವುದಿಲ್ಲವೆಂದು ಆ ಆರಡಿ ಯುವಕನ ಬಾತ ಮೂಗು ಹೇಳುತ್ತಿದೆ. ಅವನಿಗೂ ಎರಡನೆಯ ಪರೀಕ್ಷೆ ಮುಂದಿನ ವಾರವಿದೆಯಂತೆ. ಅಷ್ಟರೊಳಗೆ ಅವನ ಬಟ್ಟನ್ನು ಒಂದು ಖಾಚು ಹಿಂದೆ ಜರುಗಿಸಲು ಒಪ್ಪಿಗೆ ಸಿಗಲೆಂದು ಸುಜಾತಾ ಮೇಲಿನವರ ಬಾಗಿಲಲ್ಲಿ ನಿಂತಿದ್ದಾಳೆ.

ಆದ್ದರಿಂದ ತರಬೇತುದಾರರಾಗಿ ಸೇರುತ್ತಿರುವ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಕೈಗೆ ಬರುವ ಪ್ರತಿಯೊಬ್ಬರಿಗೂ, ಮೊದಲ ಗುಂಡು ಕೊಡುವ ಮೊದಲು, ಬಟ್ಟನ್ನು ಮೊಣಕೈಗೆ ಆನಿಸಿ ಬೆರಳು ಎಲ್ಲಿಗೆ ಬರುತ್ತದೆಂದು ನೋಡಿ. ಅಳತೆ ತಪ್ಪಿದ್ದರೆ ಬದಲಿಸಿಕೊಡಿ. ಬದಲಿಸಲು ಬಿಡದಿದ್ದರೆ, ಆ ದಿನ ಅವರ ಪರೀಕ್ಷೆ ಮಾಡಬೇಡಿ.